ನೀರಿನ ಪಂಚಾಯಿತಿಯಿಂದ ಕಣಿವೆ ಯೋಜನೆಯವರೆಗೆ

ಸ್ಪೇನಿನ ವೆಲೆನ್ಸಿಯಾ ನಗರದಲ್ಲಿ ಪ್ರತಿ ಗುರುವಾರ ನಡುಮಧ್ಯಾಹ್ನ, ಕೆಥೀಡ್ರಲಿನ ಬಾಗಿಲ ಮುಂದೆ, ಕಪ್ಪು ನಿಲುವಂಗಿ ತೊಟ್ಟ ಎಂಟು ಮಂದಿ ರೈತರು ಬಂದು ಕೂರುತ್ತಾರೆ. ತುರಿಯಾ ನದಿಯಿಂದ ಕವಲೊಡೆದ ನಾಲೆಗಳ ಅಚ್ಚುಕಟ್ಟಿನವರು ತಮ್ಮೊಳಗಿಂದಲೇ ಆರಿಸಿದ ಪ್ರತಿನಿಧಿಗಳು ಇವರು. ಸರದಿ ತಪ್ಪಿಸಿ ನೀರು ಹಾಯಿಸಿಕೊಂಡವರ, ತೂಬು ಮುಚ್ಚದೆ ಪಕ್ಕದ ಹೊಲ ಕೆಡಿಸಿದವರ ಮೇಲಿನ ದೂರುಗಳನ್ನು ವಕೀಲರಿಲ್ಲದೆ, ಬಾಯಿಮಾತಿನಲ್ಲೇ ವಿಚಾರಿಸಿ, ಅಲ್ಲೇ ತೀರ್ಪು ಹೇಳುತ್ತಾರೆ. ದೂರು ಯಾವ ನಾಲೆಯದೋ ಆ ನಾಲೆಯ ಪ್ರತಿನಿಧಿ ತೀರ್ಪಿನಲ್ಲಿ ಬಾಯಿ ಹಾಕುವಂತಿಲ್ಲ. ಎಷ್ಟೋ ಗುರುವಾರ ಒಂದು ದೂರೂ ಇರುವುದಿಲ್ಲ. ನಾಲೆಗಳ ಹೆಸರು ಕೂಗಿ, ಕೆಲವೇ ನಿಮಿಷಗಳಲ್ಲಿ ಎದ್ದು ಹೋಗುತ್ತಾರೆ. ಶತಮಾನಗಳಿಂದ ನಡೆದುಬಂದ ಈ ನ್ಯಾಯಸಭೆಯನ್ನು ಯುನೆಸ್ಕೋ 2009ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನೀರಿನ ವಿಷಯದಲ್ಲಿ ಜನರ ಸಹಭಾಗಿತ್ವವೆನ್ನುವುದು ಈಚಿನ ಆಡಳಿತದ ಪರಿಭಾಷೆಯಿಂದ ಹುಟ್ಟಿದ್ದೆಂದು ಭಾವಿಸುವವರು ಇದನ್ನು ಗಮನಿಸಬೇಕು. ನೆದರ್ಲೆಂಡ್ಸಿನಲ್ಲೂ 13ನೆಯ ಶತಮಾನದಿಂದಲೇ ನೀರಿನ ಮಂಡಳಿಗಳಿವೆ. ಒಡ್ಡು ಒಡೆದರೆ ಯಾರ ಹೊಲ ಮುಳುಗುವುದೋ ಅವರೇ ಅದರ ಖರ್ಚು ಹೊರಬೇಕು, ಖರ್ಚು ಹೊತ್ತವರಿಗೆ ನಿರ್ಧಾರದಲ್ಲಿ ಮಾತಿರಬೇಕು ಎಂಬುದು ಅವುಗಳ ಮೂಲ ಸೂತ್ರ. ಒಂದು ಕಾಲಕ್ಕೆ ಸಾವಿರಗಳ ಲೆಕ್ಕದಲ್ಲಿದ್ದ ಮಂಡಳಿಗಳು ವಿಲೀನಗೊಂಡು ಈಗ 21 ಉಳಿದಿವೆ. ಅವುಗಳಿಗೆ ಇಂದಿಗೂ ಪ್ರತ್ಯೇಕ ಚುನಾವಣೆಯಿದೆ, ಪ್ರತ್ಯೇಕ ತೆರಿಗೆಯಿದೆ.

ಆದರೆ ಈ ವ್ಯವಸ್ಥೆಗಳ ಕಣ್ಣಳತೆ ಒಂದು ನಾಲೆ, ಒಂದು ಒಡ್ಡಿನಷ್ಟೇ ಆಗಿತ್ತು. ಉಗಮದಿಂದ ಸಂಗಮದವರೆಗೆ ಇಡೀ ಜಲಾನಯನ ಪ್ರದೇಶವನ್ನು ಒಂದೇ ಘಟಕವೆಂದು ಕಂಡವರು 20ನೆಯ ಶತಮಾನದ ಎಂಜಿನಿಯರುಗಳು. ಸ್ಪೇನ್ 1926ರಲ್ಲಿ ಕಣಿವೆವಾರು ಸಂಸ್ಥೆಗಳನ್ನು ಆರಂಭಿಸಿತು. ಅಮೆರಿಕ 1933ರಲ್ಲಿ ಟೆನೆಸಿ ಕಣಿವೆ ಪ್ರಾಧಿಕಾರವನ್ನು ಸ್ಥಾಪಿಸಿತು. ಅದೇ ಮಾದರಿಯಲ್ಲಿ ಭಾರತದಲ್ಲಿ 1948ರಲ್ಲಿ ದಾಮೋದರ ಕಣಿವೆ ನಿಗಮ ಬಂತು. ನದಿಯನ್ನು ಇಡಿಯಾಗಿ ನೋಡಲು ಕಲಿತ ಹೊತ್ತಿನಲ್ಲೇ ನದಿಯ ದಂಡೆಯವರನ್ನು ಚರ್ಚೆಯಿಂದ ಹೊರಗಿಟ್ಟದ್ದು ವಿಪರ್ಯಾಸ. ಅಣೆಕಟ್ಟು ಎಲ್ಲಿ, ಎಷ್ಟು ಎತ್ತರ ಎಂಬುದು ತಜ್ಞರಿಗೆ ಬಿಟ್ಟ ವಿಷಯವಾಯಿತು. ಊರಿನವರ ಪಾಲಿಗೆ ಉಳಿದದ್ದು ಪರಿಹಾರದ ಅರ್ಜಿ.

ಜನರನ್ನು ಮತ್ತೆ ಕರೆಯುವ ಕೆಲಸವನ್ನು ಕಾನೂನಿನಲ್ಲಿ ಮೊದಲು ಗಟ್ಟಿಯಾಗಿ ಬರೆದುಕೊಂಡ ದೇಶಗಳಲ್ಲಿ ಫ್ರಾನ್ಸ್ ಒಂದು. 1964ರ ಕಾಯ್ದೆ ಅಲ್ಲಿ ದೊಡ್ಡ ಕಣಿವೆಗಳಿಗೆ ಒಂದೊಂದು ಸಮಿತಿಯನ್ನು ಕೊಟ್ಟಿತು. ಜನ ಅವನ್ನು ನೀರಿನ ಸಂಸತ್ತು ಎಂದೇ ಕರೆಯುತ್ತಾರೆ. 1992ರ ಕಾಯ್ದೆ ಇನ್ನೂ ಕೆಳಗಿಳಿದು, ಉಪನದಿಗಳ ಮಟ್ಟದಲ್ಲಿ ಸ್ಥಳೀಯ ಜಲ ಆಯೋಗಗಳಿಗೆ ಅವಕಾಶ ಮಾಡಿತು. ಆಯೋಗದ ಕನಿಷ್ಠ ಅರ್ಧದಷ್ಟು ಸ್ಥಾನ ಸ್ಥಳೀಯ ಸಂಸ್ಥೆಗಳಿಗೆ, ಕನಿಷ್ಠ ಕಾಲುಭಾಗ ರೈತರು, ಉದ್ದಿಮೆದಾರರು, ಪರಿಸರ ಸಂಘಗಳಂಥ ಬಳಕೆದಾರರಿಗೆ, ಮಿಕ್ಕದ್ದು ಸರ್ಕಾರಕ್ಕೆ. ಆದರೂ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು 2006ರ ತಿದ್ದುಪಡಿ. ಆಯೋಗ ಬರೆದ ಯೋಜನೆಯ ನಿಯಮಗಳು ಸರ್ಕಾರಿ ಕಚೇರಿಗಳಿಗಷ್ಟೇ ಅಲ್ಲದೆ ಖಾಸಗಿಯವರಿಗೂ ಅನ್ವಯಿಸುತ್ತವೆ ಎಂದು ಆ ಕಾಯ್ದೆ ಹೇಳಿತು. ಸಲಹೆ ಕೊಡುವ ಸಭೆಗೂ ನಿಯಮ ಮಾಡುವ ಸಭೆಗೂ ಅಜಗಜಾಂತರವಿದೆ.

ಈ ನಡುವೆ 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕಗಳ ಉಗ್ರಾಣಕ್ಕೆ ಬೆಂಕಿ ಬಿದ್ದು, ಅದನ್ನು ಆರಿಸಲು ಸುರಿದ ನೀರಿನ ಜೊತೆ ವಿಷವೆಲ್ಲ ರೈನ್ ನದಿಗಿಳಿಯಿತು. ನದಿ ಕೆಂಪಾಗಿ ಹರಿಯಿತು, ಹಾವುಮೀನುಗಳು ರಾಶಿರಾಶಿಯಾಗಿ ಸತ್ತವು. ದಂಡೆಯ ದೇಶಗಳ ಆಯೋಗ 1950ರಿಂದಲೇ ಇದ್ದರೂ, 2000ದ ಹೊತ್ತಿಗೆ ಸಾಲ್ಮನ್ ಮೀನು ನದಿಗೆ ಮರಳಬೇಕೆಂಬ ಗುರಿಯ ಕಾರ್ಯಕ್ರಮ ಹುಟ್ಟಿದ್ದು ದುರಂತದ ಮರುವರ್ಷ.

ರೈನ್ ದಂಡೆಯವರನ್ನು ದುರಂತ ಒಗ್ಗೂಡಿಸಿದಂತೆ, ಅಮೆರಿಕದ ಟೆಕ್ಸಾಸಿನಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸುವ ಕೆಲಸವನ್ನು ಬರ ಮಾಡಿಸಿತು. 1996ರ ಬರದ ಬೆನ್ನಿಗೇ, 1997ರಲ್ಲಿ ಬಂದ ಕಾಯ್ದೆಯಡಿ ರಾಜ್ಯವನ್ನು 16 ಪ್ರದೇಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಕೃಷಿ, ಕೈಗಾರಿಕೆ, ನಗರಸಭೆ, ವಿದ್ಯುತ್ ಉತ್ಪಾದನೆ, ಪರಿಸರ ಮುಂತಾದವುಗಳ ಪ್ರತಿನಿಧಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಲಾಯಿತು. ಮಳೆ ಚೆನ್ನಾಗಿ ಆದ ವರ್ಷದ ಅಂಕಿಗಳನ್ನು ಅವರು ಹಿಡಿಯುವಂತಿಲ್ಲ. ದಾಖಲೆಯಲ್ಲಿರುವ ಅತಿ ಕೆಟ್ಟ ಬರ ಮರುಕಳಿಸಿದರೆ ಏನಾದೀತು ಎಂದೇ ಲೆಕ್ಕ ಹಾಕಬೇಕು. ಬಹುಪಾಲು ಕಡೆಗಳಲ್ಲಿ ಅದು 1950ರ ದಶಕದ ಬರ. ಮುಂದಿನ 50 ವರ್ಷಗಳ ಬೇಡಿಕೆ ಒಂದು ಕಡೆ, ಕೈಯಲ್ಲಿರುವ ನೀರು ಇನ್ನೊಂದು ಕಡೆ ಇಟ್ಟು, ಕೊರತೆಯನ್ನು ಮಿತಬಳಕೆಯಿಂದಲೋ ಮರುಬಳಕೆಯಿಂದಲೋ ಹೊಸ ಜಲಾಶಯದಿಂದಲೋ ತುಂಬುವ ದಾರಿಯನ್ನು ಸೂಚಿಸಬೇಕು; ಐದು ವರ್ಷಕ್ಕೊಮ್ಮೆ ಎಲ್ಲವನ್ನೂ ತಿದ್ದಿ ಬರೆಯಬೇಕು. ಯೋಜನೆಗೆ ಹೊಂದದ ಕಾಮಗಾರಿಗೆ ರಾಜ್ಯದ ನೆರವು ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ ಸಭೆಗೆ ಬಾರದೆ ಉಳಿಯುವುದು ಯಾರಿಗೂ ಲಾಭವಲ್ಲ. ಇದಕ್ಕೆ ಹೋಲಿಸಿದರೆ ನಮ್ಮಲ್ಲಿ ಕಾಯ್ದೆ ಕಾಗದದಲ್ಲೇ ಉಳಿಯಿತು: ಭಾರತದಲ್ಲಿ 1956ರಲ್ಲೇ ನದಿ ಮಂಡಳಿಗಳ ಕಾಯ್ದೆ ಬಂದರೂ ಅದರಡಿ ಒಂದು ಮಂಡಳಿಯೂ ರಚನೆಯಾಗಲಿಲ್ಲ.

ಹೀಗೆ ಪಾಲು ಹಂಚುವ ಮೇಜಿನಲ್ಲಿ ನದಿಯಲ್ಲೇ ಹರಿಯಬೇಕಾದ ನೀರಿನ ಮಾತು ಕೊನೆಗೆ ಬರುತ್ತದೆ. ಟೆಕ್ಸಾಸಿನಲ್ಲಿ ಅದಕ್ಕೆಂದೇ 2007ರಲ್ಲಿ ಬೇರೊಂದು ಕಾಯ್ದೆ ಬೇಕಾಯಿತು. ನ್ಯೂಜಿಲೆಂಡ್ 2017ರಲ್ಲಿ ಇನ್ನೂ ಮುಂದೆ ಹೋಗಿ, ವಾಂಗನೂಯಿ ನದಿಗೆ ಕಾನೂನಿನ ವ್ಯಕ್ತಿತ್ವವನ್ನೇ ಕೊಟ್ಟು, ಅದರ ಪರವಾಗಿ ಮಾತನಾಡಲು ಇಬ್ಬರನ್ನು ನೇಮಿಸುವ ವ್ಯವಸ್ಥೆ ಮಾಡಿತು. ಒಬ್ಬರು ಸರ್ಕಾರದ ಕಡೆಯವರು, ಇನ್ನೊಬ್ಬರು ನದಿಯನ್ನು ಪೂರ್ವಿಕರೆಂದು ಭಾವಿಸುವ ಮಾವೋರಿ ಬುಡಕಟ್ಟುಗಳ ಕಡೆಯವರು. ಅದೇ ನದಿಯ ಮೇಲ್ಭಾಗದ ಹೊಳೆಗಳನ್ನು ದಶಕಗಳ ಹಿಂದೆಯೇ ವಿದ್ಯುತ್ ಯೋಜನೆಗೆ ತಿರುಗಿಸಲಾಗಿತ್ತು. ಹೊಸ ಕಾಯ್ದೆ ಬಂದ ಮೇಲೂ ಆ ನೀರು ಅತ್ತಲೇ ಹರಿಯುತ್ತಿದೆ.