ದೊಡ್ಡ ಬಿ ಅಂದ್ರೆ ‘ಭ’ ಅಲ್ಲ

ಜೂನ್ ತಿಂಗಳು, ನಾಲ್ಕನೇ ಕ್ಲಾಸು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಬೆಂಗಳೂರು’ ಅಂತ ಬರೆದು, ಮೊದಲ ಅಕ್ಷರ ಮಾತ್ರ ಯಾಕೆ ದೊಡ್ಡದು ಅಂತ ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಥಟ್ಟನೆ ಎದ್ದಳು. “ಮಿಸ್, ಚಿಕ್ಕ ಬಿ ಅಂದ್ರೆ ಬ. ದೊಡ್ಡ ಬಿ ಅಂದ್ರೆ ಭ. ಅಲ್ವಾ?” ಹಿಂದಿನಿಂದ ಯಾರೋ “ಭೆಂಗಳೂರು!” ಅಂದರು. ಕ್ಲಾಸೆಲ್ಲ ನಗು.

ಅವಳ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಕನ್ನಡದಲ್ಲಿ ಅಕ್ಷರದ ರೂಪ ಬದಲಾದರೆ ಉಚ್ಚಾರವೂ ಬದಲಾಗುತ್ತದೆ. ‘ಬ’ಕ್ಕೆ ಹೊಟ್ಟೆ ಸೀಳಿದರೆ ‘ಭ’. ನುಡಿ ಕೀಲಿಮಣೆಯಲ್ಲಿ ಟೈಪ್ ಮಾಡುವವರನ್ನು ಕೇಳಿ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಹಾಗಿರುವಾಗ ದೊಡ್ಡಕ್ಷರಕ್ಕೂ ಒಂದು ದೊಡ್ಡ ಸದ್ದು ಇರಬೇಕು ಅಂತ ಮಗು ಹುಡುಕುವುದು ಸಹಜವೇ. ಇಂಗ್ಲಿಷಿನಲ್ಲಿ ಅದು ಸಿಗುವುದಿಲ್ಲ. ಅಲ್ಲಿ ದೊಡ್ಡಕ್ಷರ ಇರುವುದು ಕಣ್ಣಿಗೆ, ಕಿವಿಗಲ್ಲ. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು. ನಾವು ಹೇಳುವುದಿಲ್ಲ. ಸುಮ್ನೆ ರೂಲ್ಸ್ ಬರೆಸಿಬಿಡುತ್ತೇವೆ.

ರೂಲ್ಸ್ ಬರೆಸಿದ ಮೇಲೂ ನೋಟ್‌ಬುಕ್ಕಿನಲ್ಲಿ ಪದದ ನಡುವೆ ದೊಡ್ಡಕ್ಷರ ಎದ್ದು ನಿಂತಿರುತ್ತದೆ. ಮೊದಲೆಲ್ಲ ನಾನು ಅಂಥವಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದೆ. ಒಬ್ಬ ಹುಡುಗನ ಒಂದೇ ಪುಟದಲ್ಲಿ ಇಪ್ಪತ್ತು ಸುತ್ತು. ಮುಂದಿನ ವಾರ ಅವನು ಹೋಂವರ್ಕ್ ಪೂರ್ತಿ ದೊಡ್ಡಕ್ಷರದಲ್ಲೇ ಬರೆದು ತಂದ. ಯಾಕೋ ಅಂದೆ. “ಹೀಗೆ ಬರೆದ್ರೆ ಯಾವ್ದೂ ತಪ್ಪಾಗಲ್ಲ ಅಂತ ಅಣ್ಣ ಹೇಳ್ದ ಮಿಸ್.” ಅಣ್ಣನ ಮಾತಿನಲ್ಲೂ ಅರ್ಥ ಇತ್ತು. ಅಂಗಡಿ ಬೋರ್ಡು ಬಹಳಷ್ಟು ಹಾಗೇ ಇರುತ್ತವೆ. ಅರ್ಜಿ ಫಾರಂನಲ್ಲಂತೂ ‘ಬ್ಲಾಕ್ ಲೆಟರ್ಸ್‌ನಲ್ಲಿ ತುಂಬಿ’ ಅಂತಲೇ ಬರೆದಿರುತ್ತಾರೆ.

ಆಮೇಲೆ ಸುತ್ತು ಹಾಕುವುದು ಬಿಟ್ಟು, ಯಾವ ಯಾವ ಅಕ್ಷರ ದೊಡ್ಡದಾಗಿದೆ ಅಂತ ಪಟ್ಟಿ ಮಾಡತೊಡಗಿದೆ. ಆಗ ಒಂದು ವಿಷಯ ಹೊಳೆಯಿತು. ಇಪ್ಪತ್ತು ಸುತ್ತು ಬಿದ್ದ ಪುಟದಲ್ಲಿ ಆ ಹುಡುಗ ಎಲ್ಲೆಲ್ಲೂ ದೊಡ್ಡದು ಮಾಡಿದ್ದು ಬಿ ಮತ್ತು ಡಿ ಮಾತ್ರ. ಚಿಕ್ಕ ಬಿ, ಚಿಕ್ಕ ಡಿ ಎರಡಕ್ಕೂ ಒಂದು ಕಡ್ಡಿ, ಒಂದು ಹೊಟ್ಟೆ. ಹೊಟ್ಟೆ ಯಾವ ಕಡೆ ಅನ್ನುವುದೊಂದೇ ವ್ಯತ್ಯಾಸ. ದೊಡ್ಡ ಬಿ, ದೊಡ್ಡ ಡಿಗೆ ಈ ತೊಂದರೆ ಇಲ್ಲ, ಹೊಟ್ಟೆ ಯಾವಾಗಲೂ ಬಲಕ್ಕೇ. ಎಡ ಬಲ ಗೊಂದಲ ಇರುವ ಮಗು ಜಾಣತನದಿಂದ ದೊಡ್ಡಕ್ಷರದ ಮರೆಗೆ ಹೋಗುತ್ತದೆ. ಅದಕ್ಕೆ ದೊಡ್ಡಕ್ಷರದ ರೂಲು ಹೇಳಿ ಏನು ಪ್ರಯೋಜನ? ಎರಡೂ ಕೈ ಮುಷ್ಟಿ ಮಾಡಿಸಿ, ಹೆಬ್ಬೆರಳು ಮೇಲೆತ್ತಿಸಿ, ಗೆಣ್ಣಿಗೆ ಗೆಣ್ಣು ತಾಗಿಸಿ. ಮಂಚದ ಆಕಾರ ಬರುತ್ತದೆ. ಎಡಗೈ ಬಿ, ಬಲಗೈ ಡಿ, ಮಧ್ಯೆ ಇ ಸೇರಿಸಿದರೆ ‘ಬೆಡ್’. ಪರೀಕ್ಷೆಯಲ್ಲಿ ಡೆಸ್ಕಿನ ಕೆಳಗೆ ಮುಷ್ಟಿ ನೋಡಿಕೊಳ್ಳುವ ಮಕ್ಕಳನ್ನು ಕಂಡಿದ್ದೇನೆ. ನೋಡಿಕೊಳ್ಳಲಿ ಬಿಡಿ.

ದೊಡ್ಡದಾಗಿರುವುದು ಸಿ, ಎಸ್, ಡಬ್ಲ್ಯೂ ಆಗಿದ್ದರೆ ಕಾರಣ ಬೇರೆ. ಇವುಗಳ ದೊಡ್ಡ ರೂಪ, ಚಿಕ್ಕ ರೂಪ ಒಂದೇ, ಅಳತೆ ಮಾತ್ರ ಬೇರೆ. ಮಗುವಿನ ಮನಸ್ಸಿನಲ್ಲಿ ಅದು ಚಿಕ್ಕ ಸಿ, ಕಾಗದದ ಮೇಲೆ ದೊಡ್ಡದಾಗಿ ಬಿದ್ದಿದೆ, ಅಷ್ಟೇ. ನಾಲ್ಕು ಗೆರೆ ಪುಸ್ತಕಕ್ಕೆ ಒಂದು ತಿಂಗಳು ವಾಪಸ್ ಹೋದರೆ ಸಾಕು. ಎರಡು ನೀಲಿ ಗೆರೆಯ ನಡುವೆ ಚಿಕ್ಕ ಸಿ. ಮೇಲಿನ ಕೆಂಪು ಗೆರೆ ಮುಟ್ಟಿದರೆ ದೊಡ್ಡದು.

ಇನ್ನು ವಾಕ್ಯದ ಮೊದಲ ಅಕ್ಷರ. ನನ್ನ ಅನುಭವದಲ್ಲಿ ಇಲ್ಲಿ ತಪ್ಪುವ ಮಕ್ಕಳಿಗೆ ದೊಡ್ಡಕ್ಷರ ಮರೆತಿರುವುದಿಲ್ಲ. ವಾಕ್ಯ ಎಲ್ಲಿ ಮುಗಿಯಿತು ಅನ್ನುವುದೇ ಗೊತ್ತಾಗಿರುವುದಿಲ್ಲ. ಒಬ್ಬಳು ಲಾಲ್‌ಬಾಗ್ ಫ್ಲವರ್ ಶೋ ಬಗ್ಗೆ ಒಂದು ಪುಟ ಬರೆದಿದ್ದಳು. ಒಂದೂ ಫುಲ್‌ಸ್ಟಾಪ್ ಇಲ್ಲ, ಎಲ್ಲ ‘ಆ್ಯಂಡ್, ಆ್ಯಂಡ್’. ಕನ್ನಡದಲ್ಲಿ ಹೇಳು ಅಂದೆ. “ಲಾಲ್‌ಬಾಗ್‌ಗೆ ಹೋಗಿ, ಗಾಜಿನ ಮನೆ ನೋಡಿ, ಜೋಳ ತಿಂದು, ಬಸ್ ಹತ್ತಿ ಮನೆಗೆ ಬಂದ್ವಿ.” ನೋಡಿ, ಕನ್ನಡದಲ್ಲಿ ಇದು ಒಂದೇ ವಾಕ್ಯ, ಚೆನ್ನಾಗೂ ಇದೆ. ನಮ್ಮ ವಾಕ್ಯ ಕ್ರಿಯಾಪದಕ್ಕೆ ಬಂದು ನಿಲ್ಲುತ್ತದೆ. ‘ಬಂದ್ವಿ’ ಅಂದ ಕೂಡಲೇ ಮುಗಿಯಿತು ಅಂತ ಕಿವಿಗೇ ತಿಳಿಯುತ್ತದೆ, ಚುಕ್ಕಿ ಇಡದಿದ್ದರೂ. ಇಂಗ್ಲಿಷಿನಲ್ಲಿ ‘ವಿ ವೆಂಟ್’ ಅಂತ ಕ್ರಿಯಾಪದ ಮುಂದೆಯೇ ಬಂದುಬಿಡುತ್ತದೆ. ಅದರ ಹಿಂದೆ ಎಷ್ಟು ಪದ ಬೇಕಾದರೂ ಬರಬಹುದು. ನಿಲ್ಲುವ ಜಾಗ ಮಗುವಿನ ಕಿವಿಗೆ ಸಿಗುವುದೇ ಇಲ್ಲ.

ಅದಕ್ಕೆ ಮೊದಲು ಕನ್ನಡದಲ್ಲೇ ಒಡೆಸುತ್ತೇನೆ. ಹೋದ್ವಿ. ನೋಡಿದ್ವಿ. ತಿಂದ್ವಿ. ಹತ್ತಿದ್ವಿ. ಬಂದ್ವಿ. ಒಂದೊಂದಕ್ಕೆ ಒಂದೊಂದು ಬೆರಳು ಮಡಚಬೇಕು. ಐದು ಬೆರಳು, ಐದು ಇಂಗ್ಲಿಷ್ ವಾಕ್ಯ, ಐದು ಚುಕ್ಕಿ. ಚುಕ್ಕಿ ಇಟ್ಟ ಮೇಲೆ ಮುಂದಿನ ದೊಡ್ಡಕ್ಷರ ಬರೆಯುವವರೆಗೆ ಪೆನ್ಸಿಲ್ ಕೆಳಗಿಡುವ ಹಾಗಿಲ್ಲ. ಎರಡೂ ಜೋಡಿ ಅಂತ ಕೈಗೆ ಅಭ್ಯಾಸವಾಗಬೇಕು. ಬರವಣಿಗೆ ಕೆಲವು ವಾರ ತುಂಡು ತುಂಡಾಗಿ ಕಾಣುತ್ತದೆ. ಅಪ್ಪ ಅಮ್ಮ ಬಂದು ದೂರುತ್ತಾರೆ. ವಾಕ್ಯ ಜೋಡಿಸುವುದನ್ನು ಆಮೇಲೆ ಕಲಿಯಬಹುದು.

ಹೆಸರುಗಳು ಇದಕ್ಕಿಂತ ಸುಲಭ. ಅದರಲ್ಲೂ ನಮ್ಮೂರಿನಲ್ಲಿ. ಡಿಕ್ಷನರಿಯಲ್ಲಿ ‘ಮೆಜೆಸ್ಟಿಕ್’ ಅಂದರೆ ಭವ್ಯವಾದದ್ದು. ಚಿಕ್ಕ ಎಮ್ ಹಾಕಿದರೆ ವಿಧಾನಸೌಧವೂ ಮೆಜೆಸ್ಟಿಕ್, ಜೋಗ ಜಲಪಾತವೂ ಮೆಜೆಸ್ಟಿಕ್. ದೊಡ್ಡ ಎಮ್ ಹಾಕಿದರೆ ಬಸ್ ಸ್ಟ್ಯಾಂಡು! ಹಿಂದೆ ಅಲ್ಲಿದ್ದ ಚಿತ್ರಮಂದಿರದ ಹೆಸರು ಅದು. ‘ಮಾರ್ಕೆಟ್’ ಕೂಡ ಹಾಗೇ. ಯಾವ ಮಾರ್ಕೆಟ್ ಆದರೂ ಚಿಕ್ಕ ಎಮ್, ಕೆ.ಆರ್. ಮಾರ್ಕೆಟ್ ಆದರೆ ದೊಡ್ಡದು. ಎರಡು ಉದಾಹರಣೆ ಕೊಟ್ಟರೆ ಮಕ್ಕಳೇ ಹತ್ತು ಹುಡುಕಿ ತರುತ್ತಾರೆ. ವಾರ, ತಿಂಗಳಿನ ಹೆಸರುಗಳಿಗೆ ದೊಡ್ಡಕ್ಷರ, ಬೇಸಿಗೆ ಮಳೆಗಾಲಕ್ಕೆ ಇಲ್ಲ. ವಾಕ್ಯದ ನಡುವೆ ಬಂದರೂ ಕನ್ನಡ, ಇಂಗ್ಲಿಷ್ ಭಾಷೆಗಳಿಗೆ ದೊಡ್ಡದು, ಗಣಿತ ವಿಜ್ಞಾನಕ್ಕೆ ಚಿಕ್ಕದು. ಇವನ್ನು ಬಾಯಿಪಾಠ ಮಾಡಿಸಿದರೂ ನಡೆಯುತ್ತದೆ.

‘ಐ’ ವಿಷಯಕ್ಕೆ ಬಂದಾಗ ಮಾತ್ರ ಪ್ರತಿ ವರ್ಷ ಜಗಳ. “ನಾನು ಅನ್ನೋದು ದೊಡ್ಡದು, ನೀವು ಅನ್ನೋದು ಚಿಕ್ಕದಾ ಮಿಸ್?” ದೊಡ್ಡವರನ್ನು ಬಹುವಚನದಲ್ಲಿ ಕರೆದು ಬೆಳೆದ ಮಕ್ಕಳಿಗೆ ಇದು ಅಹಂಕಾರವಾಗಿ ಕಾಣುತ್ತದೆ. ಅಂಥದ್ದೇನೂ ಇಲ್ಲ. ಕೈಬರಹದ ಕಾಲದಲ್ಲಿ ಒಂಟಿ ಚಿಕ್ಕ ಗೀಟು ಕಣ್ಣು ತಪ್ಪಿಹೋಗುತ್ತಿತ್ತು. ಕಾಣಲಿ ಅಂತ ಉದ್ದ ಮಾಡಿದರು, ಅದೇ ಉಳಿಯಿತು. ಜರ್ಮನ್ ಭಾಷೆಯಲ್ಲಿ ‘ನಾನು’ ಚಿಕ್ಕಕ್ಷರ, ಗೌರವದ ‘ನೀವು’ ದೊಡ್ಡಕ್ಷರ ಅಂದರೆ ಮಕ್ಕಳಿಗೆ ಸಮಾಧಾನ.

ಫೋನಿನಲ್ಲಿ ಟೈಪ್ ಮಾಡಿದರೆ ಅದೇ ಹಾಕಿಕೊಡುತ್ತಲ್ಲ, ಕಲಿಸುವುದೇಕೆ ಅಂತ ಕೆಲವು ಪೋಷಕರು ಕೇಳುತ್ತಾರೆ. ಫೋನು ದೊಡ್ಡಕ್ಷರ ಹಾಕುವುದು ಚುಕ್ಕಿ ಇಟ್ಟ ಮೇಲೆ. ಚುಕ್ಕಿ ಎಲ್ಲಿಡಬೇಕು ಅಂತ ಗೊತ್ತಿಲ್ಲದ ಮಗುವಿಗೆ ಅದು ಏನೂ ಮಾಡಲಾರದು. ಮಗು ನಿಮ್ಮ ಫೋನಿನಲ್ಲಿ ಹೋಂವರ್ಕ್ ಟೈಪ್ ಮಾಡುವುದಿದ್ದರೆ, ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ಕ್ಯಾಪಿಟಲೈಸೇಶನ್ ಆಫ್ ಮಾಡಿಕೊಡಿ. ನಿಮ್ಮ ಆಫೀಸ್ ಮೆಸೇಜ್ ಕಳಿಸುವ ಮೊದಲು ಮತ್ತೆ ಆನ್ ಮಾಡಿಕೊಳ್ಳುವುದನ್ನು ಮರೆಯಬೇಡಿ.