ಬಲಕ್ಕೆ ಹೋಗಲು ಮೊದಲು ಎಡಕ್ಕೆ

ಗಂಟೆಗೆ 40 ಕಿ.ಮೀ. ವೇಗದಲ್ಲಿ ನೇರವಾಗಿ ಸಾಗುತ್ತಿರುವ ಬೈಕ್. ಸವಾರ ಬಲಗಡೆಯ ಹ್ಯಾಂಡಲನ್ನು ಅಂಗೈಯಿಂದ ತುಸು ಮುಂದಕ್ಕೆ ಒತ್ತುತ್ತಾನೆ. ಮುಂದಿನ ಚಕ್ರ ಕೂದಲೆಳೆಯಷ್ಟು ಎಡಕ್ಕೆ ಹೊರಳುತ್ತದೆ. ಆದರೆ ಬೈಕ್ ವಾಲುವುದೂ ತಿರುಗುವುದೂ ಬಲಕ್ಕೆ!

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೋಲು ಬಲಕ್ಕೆ ವಾಲಬೇಕಾದರೆ ಅಂಗೈಯನ್ನು ಎಡಕ್ಕೆ ಸರಿಸಬೇಕು. ಬೈಕಿನಲ್ಲಿ ಅಂಗೈಯ ಜಾಗದಲ್ಲಿರುವುದು ಟೈರು ನೆಲ ಮುಟ್ಟುವ ಆ ಪುಟ್ಟ ತಾಣ. ಅದು ಎಡಕ್ಕೆ ಸರಿಯಿತು, ಮೇಲಿನ ಭಾರ ಹಿಂದೆ ಉಳಿಯಿತು, ಬೈಕ್ ಬಲಕ್ಕೆ ವಾಲಿತು. ವಾಲಿದ ಮೇಲೆ ಮುಂಚಕ್ರ ತಾನಾಗಿಯೇ ಬಲಕ್ಕೆ ತಿರುಗಿ ಬೀಳುವುದನ್ನು ತಡೆಯುತ್ತದೆ. ವರ್ಷಗಟ್ಟಲೆ ಬೈಕ್ ಓಡಿಸಿದವರಲ್ಲೂ ಅನೇಕರಿಗೆ ತಮ್ಮ ಕೈ ಮಾಡುವ ಈ ಕೆಲಸ ಗೊತ್ತಿರುವುದಿಲ್ಲ. ಕೈಗೆ ಗೊತ್ತಿರುವುದನ್ನು ಸಮೀಕರಣದಲ್ಲಿ ಹೇಳುವ ಪ್ರಯತ್ನವೇ ಬೈಕಿನ ಚಲನೆಯ ಗಣಿತ.

ಎಷ್ಟು ವಾಲಬೇಕು ಎಂಬ ಲೆಕ್ಕ ಸುಲಭ. ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ವಾಲುವ ಕೋನದ ಟ್ಯಾನ್ (ತ್ರಿಕೋನಮಿತಿಯ ಟ್ಯಾಂಜೆಂಟ್) ಬೆಲೆ ಸಿಗುತ್ತದೆ. 40 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 72 ಕಿ.ಮೀ. ವೇಗವಿದ್ದರೆ ಸುಮಾರು 45 ಡಿಗ್ರಿ. ಈ ಲೆಕ್ಕದಲ್ಲಿ ತೂಕದ ಮಾತೇ ಇಲ್ಲ. ಟೈರಿನ ಅಗಲದಿಂದಾಗಿ ನಿಜವಾದ ಬೈಕ್ ಇನ್ನೂ ಕೆಲವು ಡಿಗ್ರಿ ಹೆಚ್ಚು ವಾಲಬೇಕಾಗುತ್ತದೆ.

ಕಷ್ಟದ ಪ್ರಶ್ನೆ ಬೇರೆ: ಸಣ್ಣದೊಂದು ಧಕ್ಕೆ ತಗುಲಿದರೆ ಬೈಕ್ ಸುಧಾರಿಸಿಕೊಳ್ಳುತ್ತದೆಯೋ, ಅಲುಗಾಟ ಬೆಳೆಯುತ್ತಾ ಹೋಗುತ್ತದೆಯೋ? 1899ರಲ್ಲಿ ಬ್ರಿಟನ್ನಿನ ಗಣಿತಜ್ಞ ಫ್ರಾನ್ಸಿಸ್ ವಿಪ್ಪಲ್ ಸೈಕಲ್ಲನ್ನು ನಾಲ್ಕು ಗಟ್ಟಿ ಭಾಗಗಳಾಗಿ ನೋಡಿದರು: ಎರಡು ಚಕ್ರ, ಮುಂಚಕ್ರವನ್ನು ಹ್ಯಾಂಡಲಿಗೆ ಸೇರಿಸುವ ಫೋರ್ಕ್, ಸವಾರನನ್ನು ಹೊತ್ತ ಹಿಂಭಾಗ. ಕೆಲವು ವೇಗಗಳಲ್ಲಿ ಸೈಕಲ್ ಯಾರೂ ಹಿಡಿಯದೆಯೇ ನೆಟ್ಟಗೆ ಓಡಬಲ್ಲದು ಎಂದು ಅವರ ಲೆಕ್ಕ ತೋರಿಸಿತು. ಆದರೆ ಅದರಲ್ಲಿ ಚಕ್ರ ಪಕ್ಕಕ್ಕೆ ಜಾರುವುದೇ ಇಲ್ಲ. ರಬ್ಬರ್ ಟೈರು ಹಾಗಲ್ಲ; ಪಕ್ಕಕ್ಕೆ ತಳ್ಳುವ ಬಲ ಹುಟ್ಟಬೇಕಾದರೆ ಅದು ಸ್ವಲ್ಪ ದೂರ ಉರುಳಲೇಬೇಕು. 1971ರಲ್ಲಿ ಬ್ರಿಟನ್ನಿನ ಎಂಜಿನಿಯರ್ ರಾಬಿನ್ ಶಾರ್ಪ್ ಈ ತಡವನ್ನೂ ಲೆಕ್ಕಕ್ಕೆ ಸೇರಿಸಿದರು. ನನ್ನ ಮಟ್ಟಿಗೆ ಮೋಟಾರ್ ಸೈಕಲ್ಲಿನ ನಿಜವಾದ ಗಣಿತ ಶುರುವಾಗುವುದು ಅಲ್ಲಿಂದ.

ಅದರಿಂದ ಮೂರು ಬಗೆಯ ಚಲನೆಗಳು ಹೊರಬಿದ್ದವು. ಕ್ಯಾಪ್‌ಸೈಜ್ ಎಂದರೆ ನಿಧಾನವಾಗಿ ಒಂದೇ ಕಡೆಗೆ ಮಗುಚುವುದು. ಸವಾರ ಅದನ್ನು ಗೊತ್ತಿಲ್ಲದೆಯೇ ಸರಿಪಡಿಸುತ್ತಿರುತ್ತಾನೆ. ವೀವ್‌ನಲ್ಲಿ ಇಡೀ ಬೈಕ್ ಸೆಕೆಂಡಿಗೆ 2ರಿಂದ 4 ಸಲ ಹಾವಿನಂತೆ ಹೊಯ್ದಾಡುತ್ತದೆ. ವೋಬಲ್‌ನಲ್ಲಿ ಹ್ಯಾಂಡಲ್ ಮಾತ್ರ ಸೆಕೆಂಡಿಗೆ 6ರಿಂದ 10 ಸಲ ಅದುರುತ್ತದೆ. ಹ್ಯಾಂಡಲ್‌ಗೆ ಡ್ಯಾಂಪರ್ (ಅಲುಗಾಟ ತಗ್ಗಿಸುವ ಸಾಧನ) ಹಾಕಿದರೆ ವೋಬಲ್ ತಗ್ಗುತ್ತದೆ, ಆದರೆ ಹೆಚ್ಚಿನ ವೇಗದಲ್ಲಿ ವೀವ್ ಕೆರಳುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ಕೈಯಿಂದ ಜಾರುತ್ತದೆ.

ಇನ್ನೊಂದು ಪೇಚು ಉಳಿದಿತ್ತು. ವೇಗ ಹೆಚ್ಚಿದಷ್ಟೂ ವೋಬಲ್ ಹೆಚ್ಚಬೇಕು ಎನ್ನುತ್ತಿತ್ತು ಲೆಕ್ಕ; ಸವಾರರು ಅದನ್ನು ಕಂಡಿದ್ದು ಮಧ್ಯಮ ವೇಗದಲ್ಲಿ. ತಪ್ಪಿದ್ದದ್ದು ಲೆಕ್ಕದಲ್ಲೇ. ಬೈಕಿನ ಮುಂಭಾಗವನ್ನು ಅದು ಕಲ್ಲಿನಷ್ಟು ಗಟ್ಟಿ ಎಂದುಕೊಂಡಿತ್ತು. ಅಲ್ಲಿ ತುಸು ತಿರುಚಿಕೊಳ್ಳುವ ಗುಣ ಸೇರಿಸಿದ ಕೂಡಲೇ ಸಮೀಕರಣವೂ ಸವಾರರೂ ಹೇಳಿದ್ದು ಒಂದೇ ಆಯಿತು.

ಇದೇ ಗಣಿತ ಸಾಮಾನು ಕಟ್ಟುವವರಿಗೂ ಸಂಬಂಧಿಸಿದ್ದು. ಹಿಂಚಕ್ರದ ಅಚ್ಚನ್ನೂ ದಾಟಿ, ಎತ್ತರದಲ್ಲಿ ಭಾರವಾದ ಪೆಟ್ಟಿಗೆ ಬಿಗಿದರೆ ವೀವ್ ತಣಿಯುವುದು ನಿಧಾನವಾಗುತ್ತದೆ. ಊರೊಳಗಿನ ವೇಗದಲ್ಲಿ ಅದು ಗೊತ್ತೇ ಆಗುವುದಿಲ್ಲ. ಹೆದ್ದಾರಿಯಲ್ಲಿ ಲಾರಿಯ ಗಾಳಿ ಬಡಿದಾಗ ಗೊತ್ತಾಗುತ್ತದೆ.