ಪೊಲೀಸರ ಮೇಲೆ ಹಲ್ಲೆ: ಯಾವ ಕಲಂ, ಎಷ್ಟು ಶಿಕ್ಷೆ

ಪಿಎಸ್‌ಐ ಪರೀಕ್ಷೆಗೆ ಓದುವ ನಮ್ಮ ಕಾರವಾರದ ಗುಂಪಿನಲ್ಲಿ ಎಲ್ಲರಿಗೂ ಕಲಂ ನಂಬರ್ ಬಾಯಿಪಾಠ. ಆದರೆ ಒಂದು ಘಟನೆ ಕೊಟ್ಟು 'ಯಾವ ಕಲಂ?' ಅಂದರೆ ತಡವರಿಸುತ್ತೇವೆ. ಹಾಗಾಗಿ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಹೀಗಾಯಿತು ಅಂತ ಊಹಿಸಿಕೊಳ್ಳೋಣ.

ಗೋವಾ ಕಡೆಯಿಂದ ಕಾರು ಬಂತು. ಯೂನಿಫಾರ್ಮ್‌ನಲ್ಲಿದ್ದ ಕಾನ್‌ಸ್ಟೆಬಲ್ ತಪಾಸಣೆಗೆ ಹೋದರು. ಚಾಲಕ ಬಾಗಿಲಿಗೆ ಅಡ್ಡ ನಿಂತು ಬಿಡಲಿಲ್ಲ. ಇದು ಕರ್ತವ್ಯಕ್ಕೆ ಅಡ್ಡಿ, ಭಾರತೀಯ ನ್ಯಾಯ ಸಂಹಿತೆಯ ಕಲಂ 221. 3 ತಿಂಗಳವರೆಗೆ ಜೈಲು, ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಾಲರ್ ಹಿಡಿದು ತಳ್ಳಿದರೆ ಕಲಂ 132ಕ್ಕೆ ಹೋಗುತ್ತೇವೆ. 2 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಇದು ಜಾಮೀನುರಹಿತ. ಮೈ ಮುಟ್ಟಲೇಬೇಕು ಅಂತೇನಿಲ್ಲ. ಈಗ ಹೊಡೆದೇ ಬಿಡುತ್ತಾನೆ ಅನ್ನಿಸುವಂತೆ ಕೈ ಎತ್ತಿದರೂ ಹಲ್ಲೆಯೇ. ಬರೀ ಬೈದರೆ ಮಾತ್ರ ಹಲ್ಲೆ ಆಗದು. ಕಲಂ 130ರ ವಿವರಣೆ ಓದಿ, ಜಾಸ್ತಿ ಜನ ಎಡವುವುದು ಇಲ್ಲೇ.

ಬೇಕೆಂದೇ ಹೊಡೆದು ಗಾಯ ಮಾಡಿದರೆ 121(1), 5 ವರ್ಷದವರೆಗೆ. ಇದಕ್ಕೂ ಮುಂಚಿನ ಕಾನೂನಾದ ಐಪಿಸಿಯ (ಭಾರತೀಯ ದಂಡ ಸಂಹಿತೆ) 332ರಲ್ಲಿ ಇದು 3 ವರ್ಷ ಇತ್ತು. ಮೂಳೆ ಮುರಿದರೆ, ಹಲ್ಲು ಬಿದ್ದರೆ ಅದು ತೀವ್ರ ಗಾಯ. ಆಗ 121(2): ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷ, ಜೊತೆಗೆ ದಂಡ. ಹಳೆಯ 333ರಲ್ಲಿ ಆ ಕನಿಷ್ಠ ಇರಲಿಲ್ಲ. ಘಟನೆ 2024ರ ಜುಲೈ 1ಕ್ಕಿಂತ ಮುಂಚಿನದಾದರೆ ಐಪಿಸಿಯೇ ಅನ್ವಯ. ದಿನಾಂಕ ಮೊದಲು ನೋಡಿ.

ನನಗೆ ಬಹಳ ಮುಖ್ಯ ಅನ್ನಿಸಿದ್ದು 'ಕರ್ತವ್ಯ' ಅನ್ನುವ ಪದ. ಅದೇ ಕಾನ್‌ಸ್ಟೆಬಲ್ ರಜೆಯಲ್ಲಿ ಊರಿಗೆ ಹೋಗಿ, ಬೇಲಿ ವಿಷಯಕ್ಕೆ ಪಕ್ಕದ ಮನೆಯವರ ಹತ್ತಿರ ಪೆಟ್ಟು ತಿಂದರೆ ಈ ಕಲಂಗಳು ಬರುವುದಿಲ್ಲ. ಸಾಮಾನ್ಯ ಗಾಯದ 115(2) ಸಾಕು. ಆದರೆ 'ಅವತ್ತು ನನ್ನ ಕಾರು ತಡೆದೆ ಅಲ್ವಾ' ಅಂತ ಮೀನು ಮಾರ್ಕೆಟ್‌ನಲ್ಲಿ ಹಿಡಿದು ಹೊಡೆದರೆ? ಅವರು ಮಫ್ತಿಯಲ್ಲಿದ್ದರೂ 121 ಬರುತ್ತದೆ. ಮಾಡಿದ ಕರ್ತವ್ಯದ ಕಾರಣಕ್ಕೆ ಹೊಡೆದದ್ದೂ ಅದರಲ್ಲಿ ಸೇರಿದೆ. ಈ ಕಲಂಗಳು ಪೊಲೀಸರಿಗಷ್ಟೇ ಅಲ್ಲ, ಚೆಕ್‌ಪೋಸ್ಟ್‌ನಲ್ಲಿ ನಿಂತ ಅಬಕಾರಿ ಸಿಬ್ಬಂದಿಗೂ ಅನ್ವಯ.

'ತಪಾಸಣೆಯೇ ಸರಿ ಇರಲಿಲ್ಲ, ಅದಕ್ಕೇ ತಳ್ಳಿದೆ' ಅಂದರೆ ನಡೆಯುತ್ತದಾ? ಕಲಂ 37 ಇದಕ್ಕೆ ಉತ್ತರ. ಅಧಿಕಾರಿ ಒಳ್ಳೆಯ ಉದ್ದೇಶದಿಂದ, ತನ್ನ ಹುದ್ದೆಯ ನೆಲೆಯಲ್ಲಿ ಮಾಡಿದ ಕೆಲಸ ಕಾನೂನಿಗೆ ಪೂರ್ತಿ ಸರಿಹೊಂದದಿದ್ದರೂ, ಆತ್ಮರಕ್ಷಣೆ ಅಂತ ಕೈ ಮಾಡುವ ಹಕ್ಕಿಲ್ಲ. ಸಾವಿನ ಅಥವಾ ತೀವ್ರ ಗಾಯದ ಭಯ ನಿಜಕ್ಕೂ ಹುಟ್ಟುವಂತಿದ್ದರೆ ಮಾತ್ರ ಬೇರೆ. ಎದುರಿಗಿರುವವರು ಸರ್ಕಾರಿ ನೌಕರರು ಅಂತ ತಿಳಿಯುವ ದಾರಿಯೇ ಇರದಿದ್ದರೂ ಹಕ್ಕು ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಕಾನ್‌ಸ್ಟೆಬಲ್ ಯೂನಿಫಾರ್ಮ್ ಹಾಕಿದ್ದರು ಅಂತ ಬರೆದದ್ದು ಅದಕ್ಕೇ.